ಮುಖವಿಲ್ಲದ ದೇವರ ಮುಂದೆ

ಕೈರೋ

ಈಜಿಪ್ಟಿಗೆ ಹೋಗಿಬಂದವನು ಪಿರಮಿಡ್ಡಿನ ಕಥೆ ಹೇಳಲಿ ಎಂದು ನಮ್ಮೂರು ಸಾಗರದಲ್ಲಿ ಎಲ್ಲರಿಗೂ ಆಸೆ. ನನ್ನ ಹತ್ತಿರ ಆ ಕಥೆ ಇಲ್ಲ. ಪಿರಮಿಡ್ಡಿನ ಬುಡದಲ್ಲಿ ನಿಂತದ್ದು ನಿಜ. ಆದರೆ ಅವತ್ತು ಮಗನಿಗೆ ಹೊಟ್ಟೆ ಕೆಟ್ಟಿತ್ತು, ನಾನು ಕಂಡದ್ದೆಲ್ಲ ಶೌಚಾಲಯದ ದಾರಿ. ಹೇಳಬೇಕಾದದ್ದು ಬೇರೆ ಇದೆ. ಅದು ನನ್ನ ಇಬ್ಬರು ಮಕ್ಕಳದ್ದು, ಆ ದೇಶದ ಹಳೆಯ ದೇವರುಗಳದ್ದು.

ನಮ್ಮದು ಮರದ ಕೆತ್ತನೆಯ ಮನೆ. ಅಜ್ಜ, ಅಪ್ಪ ಗಂಧದಲ್ಲಿ ಕೆತ್ತಿದವರು. ಈಗ ಗಂಧ ಅಪರೂಪ. ನಾನು ಹೆಚ್ಚಾಗಿ ಶಿವನಿ ಮರದಲ್ಲಿ ಗಣಪತಿ, ಲಕ್ಷ್ಮಿ, ದೇವಸ್ಥಾನದ ಬಾಗಿಲು ಕೆತ್ತುತ್ತೇನೆ. ಕೈರೋದ ಒಂದು ಕರಕುಶಲ ಮೇಳದಲ್ಲಿ ಕೂತು ಕೆತ್ತಿ ತೋರಿಸಬೇಕೆಂದು ನನಗೆ ಕರೆ ಬಂತು. ಹೆಂಡತಿ ವಿನೋದಾ ತೀರಿಹೋಗಿ ಆಗ ವರ್ಷ ಕಳೆದಿತ್ತು. ಮಕ್ಕಳನ್ನು ಹೊಸನಗರದ ಅಕ್ಕನ ಮನೆಯಲ್ಲಿ ಬಿಟ್ಟು ಹೋಗುವ ಯೋಚನೆಯಲ್ಲಿದ್ದೆ. ಆದರೆ ಊಟಕ್ಕೆ ಕೂತಾಗ ಈಜಿಪ್ಟ್ ಎಂಬ ಹೆಸರು ಕಿವಿಗೆ ಬಿದ್ದದ್ದೇ ಮಗ ತೇಜು ಎಂಜಲುಗೈಯಲ್ಲೇ ಎದ್ದುನಿಂತ.

"ನಾನು ಬರಬೇಕು ಅಪ್ಪ. ನಾನು ಬರದೇ ಇದ್ರೆ ಆಗೋದೇ ಇಲ್ಲ."

ಅವನು ನಾಲ್ಕನೇ ಕ್ಲಾಸು. ಎಂಟನೇ ಕ್ಲಾಸಿನ ಅವನ ಅಕ್ಕ ಮಾನಸಳ ಮುಖ ಮಾತ್ರ ಬಿಳಿಚಿಕೊಂಡಿತು. "ಅಷ್ಟು ದೂರ ಎಂತಕೆ? ಅವಂಗೆ ಶಾಲೆ ತಪ್ಪುತ್ತೆ" ಎಂದಳು. ಹುಡುಗಿಗೆ ವಿಮಾನದ ಹೆದರಿಕೆ ಎಂದುಕೊಂಡೆ. ಕೊನೆಗೆ ಇಬ್ಬರನ್ನೂ ಕರೆದುಕೊಂಡು ಹೊರಟೆ.

ಕೈರೋ ವಿಮಾನನಿಲ್ದಾಣದಲ್ಲಿ ನನ್ನ ಉಳಿಗಳ ಗಂಟನ್ನು ಬಿಚ್ಚಿಸಿದರು. ಸಣ್ಣದು, ದೊಡ್ಡದು, ಬಾಗಿದ್ದು, ಎಲ್ಲವನ್ನೂ ಮೇಜಿನ ಮೇಲೆ ಹರಡಿ ಇಬ್ಬರು ಅಧಿಕಾರಿಗಳು ಗಂಭೀರವಾಗಿ ನೋಡಿದರು. ನನ್ನ ಇಂಗ್ಲಿಷು ಅಲ್ಲಿಗೆ ಸಾಲಲಿಲ್ಲ. ತೇಜು ಮುಂದೆ ಹೋಗಿ, ಗಾಳಿಯಲ್ಲೇ ಉಳಿ ಹಿಡಿದು ಸುತ್ತಿಗೆ ಬಡಿದು, ಸೊಂಡಿಲು ಕೆತ್ತಿ, ಕಿವಿ ಕೆತ್ತಿ, ಆಮೇಲೆ ತಾನೇ ಆನೆಯಾಗಿ ನಿಂತ. ಅವರು ನಕ್ಕುಬಿಟ್ಟರು. ಒಬ್ಬರು ಅವನನ್ನು ಎತ್ತಿಕೊಂಡು ನೆತ್ತಿಗೆ ಮುತ್ತು ಕೊಟ್ಟರು. ನಮ್ಮಲ್ಲಿ ಗುರುತಿಲ್ಲದವರು ಮಗುವಿನ ಕೆನ್ನೆ ಮುಟ್ಟಿದರೆ ಮನೆಗೆ ಬಂದು ದೃಷ್ಟಿ ತೆಗೆಯುತ್ತೇವೆ. ಆ ದೇಶದಲ್ಲಿ ಬೀದಿಯಲ್ಲಿ ಹೋಗುವವರೆಲ್ಲ ಮಗುವಿಗೆ ಅತ್ತೆ, ಮಾವ. ಮುತ್ತು ಕೊಟ್ಟ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಮಾಮಾ?" ಅಮ್ಮ ಎಲ್ಲಿ?

ನಾನು ಉತ್ತರ ಹುಡುಕುವಷ್ಟರಲ್ಲಿ ತೇಜು ತನ್ನ ಶಾಲೆಯ ಇಂಗ್ಲಿಷಿನಲ್ಲಿ ಹೇಳಿದ, ಅಮ್ಮನನ್ನು ಕರೆದುಕೊಂಡು ಹೋಗಲಿಕ್ಕೇ ನಾವು ಬಂದಿರುವುದು ಎಂದು. ಪಾಪ, ಇಂಗ್ಲಿಷಿನಲ್ಲಿ ತಪ್ಪಿದ ಎಂದುಕೊಂಡೆ. ಮಾನಸ ಅವನ ಕೈ ಹಿಡಿದು ಎಳೆದುಕೊಂಡಳು.

ಮೇಳದ ಬಿಡುವಿನಲ್ಲಿ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅಲ್ಲಿ ಅನುಬಿಸ್ ಇದ್ದಾನೆ, ಸತ್ತವರನ್ನು ಕರೆದೊಯ್ಯುವ ನರಿಮುಖದ ದೇವರು. ಮುಂಗಾಲು ಚಾಚಿ, ಕತ್ತೆತ್ತಿ ಕೂತ ಕಪ್ಪು ನರಿ. ಅದು ಮರದ್ದು. ಕಲ್ಲಿನ ದೇವರನ್ನು ಕಾಣಲು ಹೋದವನಿಗೆ ಮರದ ದೇವರು ಸಿಕ್ಕ ಖುಷಿಯಲ್ಲಿ ನಾನು ಗಾಜಿನ ಸುತ್ತ ಸುತ್ತು ಹೊಡೆದೆ. ಆ ಕಿವಿಯನ್ನು ಅಷ್ಟು ತೆಳ್ಳಗೆ ಹೇಗೆ ತೆಗೆದರೋ! ತಿರುಗಿ ನೋಡಿದರೆ ತೇಜು ಗಾಜಿಗೆ ಮೂಗು ಒತ್ತಿ ಮೆಲ್ಲಗೆ ಏನೋ ಹೇಳುತ್ತಿದ್ದ. ಮುಷ್ಟಿ ಬಿಗಿದಿತ್ತು.

"ಎಂತ ಮಾತಾಡ್ತಿದಿಯ ಅದರ ಹತ್ರ?" ಎಂದೆ.

"ದಾರಿ ಬಿಡು ಅಂದೆ."

ಆಟ ಎಂದುಕೊಂಡೆ. ಆಟವೇ ಆಗಿತ್ತು, ಒಂದು ಲೆಕ್ಕದಲ್ಲಿ. ಶಾಲೆಯಿಂದ ತಂದ ಒಂದು ಚಿತ್ರದ ಪುಸ್ತಕ ನೋಡಿ ಮಕ್ಕಳಿಬ್ಬರೂ ಈ ದೇವರುಗಳನ್ನು ಹಚ್ಚಿಕೊಂಡದ್ದು ನನಗೆ ಗೊತ್ತಿತ್ತು. ನನ್ನ ಮರದ ಚೂರುಗಳಲ್ಲಿ ಹದ್ದಿನ ತಲೆ, ಮೊಸಳೆಯ ತಲೆ ಮಾಡಿ ಆಡುತ್ತಿದ್ದರು. ಅದಕ್ಕಿಂತ ಹೆಚ್ಚು ನಾನು ಕೇಳಿರಲಿಲ್ಲ.

ಲಕ್ಸರ್

ಮೇಳ ಮುಗಿದ ಮೇಲೆ ದಕ್ಷಿಣಕ್ಕೆ ಹೊರಟೆವು. ಲಕ್ಸರಿನ ಕಾರ್ನಾಕ್ ದೇವಸ್ಥಾನದ ಕಂಬಗಳ ನಡುವೆ ನಿಂತರೆ ನಮ್ಮ ಇಕ್ಕೇರಿ, ಕೆಳದಿಗಳು ಮನೆಯ ಜಗುಲಿಯಂತೆ ಅನಿಸುತ್ತವೆ. ಚಿಕ್ಕವು ಎಂದು ಹೇಳುತ್ತಿಲ್ಲ, ಆತ್ಮೀಯ ಎನ್ನುತ್ತಿದ್ದೇನೆ. ಇಕ್ಕೇರಿಯಲ್ಲಿ ನಂದಿಯ ಕೊರಳು ತಬ್ಬಬಹುದು. ಇಲ್ಲಿ ಕಂಬದ ಬುಡಕ್ಕೆ ಬೆನ್ನು ಕೊಟ್ಟು ಮೇಲೆ ನೋಡಿದರೆ ಕತ್ತು ನೋಯುತ್ತದೆ, ದೇವರು ಸಿಗುವುದಿಲ್ಲ.

ಜನರ ಗದ್ದಲದಿಂದ ದೂರ, ಗೋಡೆಯ ಅಂಚಿನಲ್ಲಿ ಒಂದು ಸಣ್ಣ ಗುಡಿ ಇದೆ. ಅದರ ಕಾವಲುಗಾರ ಮಕ್ಕಳನ್ನು ಕಂಡು ಬಾ ಎಂದು ಬೆರಳಲ್ಲಿ ಕರೆದ. ಒಳಗೆ ಕತ್ತಲು. ಮಾಡಿನ ಒಂದು ತೂತಿನಿಂದ ಬಿದ್ದ ಬೆಳಕಿನಲ್ಲಿ ಸಿಂಹಿಣಿಯ ಮುಖದ ಹೆಂಗಸು ನಿಂತಿದ್ದಳು. ಸೆಖ್ಮೆತ್. ರೋಗ ಕಳಿಸುವವಳೂ ಅವಳೇ, ವಾಸಿ ಮಾಡುವವಳೂ ಅವಳೇ. ನಮ್ಮ ಮಾರಿಯಮ್ಮನ ಹಾಗೆ. ಕಪ್ಪು ಕಲ್ಲು. ಒಬ್ಬ ಗಟ್ಟಿ ಹೆಂಗಸಿನಷ್ಟೇ ಎತ್ತರ, ಆದರೆ ಆ ಕತ್ತಲೆಯಲ್ಲಿ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ.

ತೇಜು ನನ್ನ ಕೈ ಬಿಡಿಸಿಕೊಂಡು ಒಬ್ಬನೇ ಮುಂದೆ ಹೋದ. ಅವಳ ಪಾದದ ಹತ್ತಿರ ನಿಂತು ಜೋರಾಗಿ ಕೇಳಿದ: "ನಮ್ಮ ಅಮ್ಮಂಗೆ ಜ್ವರ ಹಾಕಿದ್ದು ನೀನಾ?"

ಆ ಧ್ವನಿ ಕಲ್ಲಿಗೆ ಬಡಿದು ತಿರುಗಿ ಬಂತು. ಕಾವಲುಗಾರನಿಗೆ ಭಾಷೆ ತಿಳಿಯಲಿಲ್ಲ. ಆದರೂ ಅವನು ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಸುಮ್ಮನೆ ಬಾಗಿಲಿನಿಂದಾಚೆ ಹೋದ. ತೇಜು ಅಲ್ಲಿಂದ ಓಡಲಿಲ್ಲ. ಉತ್ತರಕ್ಕೆ ಕಾಯುತ್ತ ನಿಂತೇ ಇದ್ದ. ಮಾನಸ ಹೋಗಿ ಅವನ ಕಿವಿಯಲ್ಲಿ ಏನೋ ಹೇಳಿದಳು. ಅವನು ತಲೆಯಾಡಿಸಿ ಹಿಂದೆ ಬಂದ. ಹೊರಗೆ ಬಿಸಿಲಿಗೆ ಬಂದಾಗ ಹುಡುಗನ ಮುಖದಲ್ಲಿ ಯುದ್ಧ ಗೆದ್ದವನ ಕಳೆ. ಹುಡುಗಿಯ ಮುಖದಲ್ಲಿ ರಕ್ತವಿರಲಿಲ್ಲ.

ಅಸ್ವಾನಿನ ರೈಲು

ಲಕ್ಸರಿನಿಂದ ಅಸ್ವಾನಿಗೆ ಹಗಲು ರೈಲು. ಒಂದು ಕಿಟಕಿಯಲ್ಲಿ ನೈಲ್ ನದಿ, ಕಬ್ಬು, ಖರ್ಜೂರದ ಮರ, ಹಸಿರು ಹುಲ್ಲು ಹೊತ್ತ ಕತ್ತೆಗಳು. ಇನ್ನೊಂದು ಕಿಟಕಿಯಲ್ಲಿ ಮರಳು. ಹಸಿರು ಎಲ್ಲಿ ಮುಗಿಯಿತು ಎಂದು ಕಾಲಿಟ್ಟು ತೋರಿಸಬಹುದು. ನಮ್ಮ ಕಡೆ ಹಸಿರಿಗೆ ಅಂಚೇ ಇಲ್ಲ. ಗೋಡೆಯ ಮೇಲೂ ಬರುತ್ತದೆ, ಚಪ್ಪಲಿಯ ಮೇಲೂ ಬರುತ್ತದೆ. ಈ ಜನ ಸಾವನ್ನು ಇಷ್ಟು ಯೋಚಿಸಿದ್ದು ಈ ಅಂಚನ್ನು ದಿನಾ ನೋಡಿಯೇ ಇರಬೇಕು ಅನಿಸಿತು.

ತೇಜು ನಿದ್ದೆ ಹೋಗಿದ್ದ. ಎದುರು ಕೂತಿದ್ದ ಅಜ್ಜಿಯೊಬ್ಬಳು ಕೇಳದೆಯೇ ಅವನ ತಲೆಯನ್ನು ತನ್ನ ತೊಡೆಗೆ ಎಳೆದುಕೊಂಡಿದ್ದಳು. ಆಗ ಮಾನಸ ನನ್ನ ಪಕ್ಕಕ್ಕೆ ಬಂದು ಕೂತಳು.

"ಅಪ್ಪ, ನಾಳೆ ಫಿಲೆ ದೇವಸ್ಥಾನಕ್ಕೆ ಹೋಗೋದು ಬೇಡ."

"ಎಂತಕೆ?"

"ಅಲ್ಲಿ ಐಸಿಸ್ ಇದಾಳೆ."

ಬಿಟ್ಟು ಬಿಟ್ಟು ಹೇಳಿದಳು. ವಿನೋದಾಳನ್ನು ಶಿವಮೊಗ್ಗದ ಆಸ್ಪತ್ರೆಯಲ್ಲಿ ಇಟ್ಟಿದ್ದಾಗ ನಾನು ಒಳಗೆ, ಮಕ್ಕಳು ಹೊರಗಿನ ಬೆಂಚಿನ ಮೇಲೆ. ಅಳುವ ತಮ್ಮನನ್ನು ಸುಮ್ಮನಿರಿಸಲು ಅವಳು ಒಂದು ಕಥೆ ಕಟ್ಟಿದಳು. ಅಮ್ಮನನ್ನು ನರಿಮುಖದ ದೇವರು ಹಿಡಿದಿಟ್ಟಿದ್ದಾನೆ, ಅಕ್ಕ ತಮ್ಮ ಇಬ್ಬರೂ ಹೋಗಿ ಒಂದೊಂದೇ ಬಾಗಿಲು ದಾಟಿ, ಬಾಗಿಲಿಗೊಬ್ಬ ದೇವರನ್ನು ಎದುರಿಸಿ ಬಿಡಿಸಿಕೊಂಡು ಬರಬೇಕು. ಅಮ್ಮ ವಾಸಿಯಾಗಿ ಬಂದಾಗ ಕಥೆ ಮುಗಿಸುವುದು ಅವಳ ಯೋಚನೆಯಾಗಿತ್ತು. ಅಮ್ಮ ಬರಲಿಲ್ಲ. ನಾವು ದೊಡ್ಡವರು ತೇಜುವಿಗೆ ಹೇಳಿದ್ದು ಇಷ್ಟೇ: ಅಮ್ಮ ದೇವರ ಹತ್ತಿರ ಹೋದಳು. ಅವನು ಅಕ್ಕನನ್ನು ಕೇಳಿದ, ಯಾವ ದೇವರ ಹತ್ತಿರ? ಕಥೆ ಮುಂದುವರಿಯಿತು. ಅವಳು ನಿಲ್ಲಿಸಲು ಹೋದಾಗಲೆಲ್ಲ ಅವನು ಊಟ ಬಿಟ್ಟ. ಅವಳು ಬಾಗಿಲು ಸೇರಿಸುತ್ತ ಹೋದಳು. ಕಡೆಯ ಬಾಗಿಲು ಐಸಿಸ್ ದೇವಿಯದ್ದು. ಗಂಡನ ದೇಹವನ್ನು ವೈರಿ ಚೂರು ಚೂರು ಮಾಡಿ ಚೆಲ್ಲಿದಾಗ, ನದಿಯುದ್ದಕ್ಕೂ ಹುಡುಕಿ, ಜೋಡಿಸಿ, ಎಬ್ಬಿಸಿದವಳು ಅವಳು.

"ಇದು ದೂರದ ದೇಶ, ನಾವು ಯಾವತ್ತೂ ಹೋಗೋದಿಲ್ಲ ಅಂತ ಕಥೆಲಿ ಹಾಕಿದ್ದೆ" ಎಂದಳು. "ನೀನು ಕರ್ಕೊಂಡೇ ಬಂದುಬಿಟ್ಟೆ."

ನನ್ನ ಬಾಯಿಂದ ಹೊರಟದ್ದು ಒಂದು ದಡ್ಡ ಪ್ರಶ್ನೆ. "ನಮ್ಮ ದೇವರು ಇರ್ಲಿಲ್ಲವಾ? ಇವರೇ ಎಂತಕೆ?"

ಅವಳು ಕಿಟಕಿಯ ಕಡೆ ತಿರುಗಿದಳು. "ನಮ್ಮ ದೇವರನ್ನ ನೀನು ಮಾಡ್ತಿಯಲ್ಲ ಅಪ್ಪ. ದಿನಾ ನಿನ್ನ ಮಡಿಲಲ್ಲಿ ಇರ್ತಾವೆ. ಅವರ ಜೊತೆ ಜಗಳ ಆಡೋಕೆ ಆಗ್ಲಿಲ್ಲ."

ಅಸ್ವಾನಿನಲ್ಲಿ ಇಳಿದ ಕೂಡಲೇ ನಾನೇ ಅವನಿಗೆ ಹೇಳುತ್ತೇನೆ ಎಂದೆ. ಮಾನಸ ನನ್ನ ತೋಳು ಹಿಡಿದಳು. "ಬೇಡ. ಶುರು ಮಾಡಿದ್ದು ನಾನು. ನಾನೇ ಮುಗಿಸ್ತೀನಿ. ಅಮ್ಮ ಅಲ್ಲೇ ಸುಖವಾಗಿದಾಳೆ, ಬರಲ್ಲ ಅಂದ್ಲು ಅಂತ ದೇವಿ ಹೇಳಿದ ಹಾಗೆ ಮಾಡ್ತೀನಿ."

ಹದಿಮೂರು ವರ್ಷದ ಹುಡುಗಿ. ಅವಳ ಅಮ್ಮ ಸತ್ತ ಮೇಲೆ ಅವಳು ಅತ್ತದ್ದನ್ನು ನಾನು ನೋಡಿಯೇ ಇಲ್ಲ ಎಂಬುದು ಆಗ ಹೊಳೆಯಿತು. ಧೈರ್ಯದ ಹುಡುಗಿ ಎಂದು ನೆಂಟರೆಲ್ಲ ಹೊಗಳಿದ್ದರು. ಅವಳಿಗೆ ಅಳಲು ಪುರುಸೊತ್ತೇ ಇರಲಿಲ್ಲ.

ಫಿಲೆ

ಫಿಲೆಯ ದೇವಸ್ಥಾನ ನೀರಿನ ನಡುವಿನ ದ್ವೀಪದಲ್ಲಿದೆ. ಮೋಟಾರು ದೋಣಿಯಲ್ಲಿ ಹೋಗಬೇಕು. ಹಿಂದೆ ಅದು ಇನ್ನೊಂದು ದ್ವೀಪದಲ್ಲಿತ್ತು. ಅಣೆಕಟ್ಟಿನ ನೀರು ಏರಿದಾಗ ಕಲ್ಲು ಕಲ್ಲು ಬಿಡಿಸಿ ತಂದು ಇಲ್ಲಿ ಜೋಡಿಸಿದರಂತೆ. ಸಾಗರ, ಹೊಸನಗರದ ಕಡೆಯವನಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಮುಳುಗಡೆ ಎಂದರೆ ಸಾಕು. ನಮ್ಮ ಅಜ್ಜಿಯ ತವರು ಶರಾವತಿಯ ಹಿನ್ನೀರಿನ ಕೆಳಗಿದೆ. ಅವರು ದೇವರ ಮೂರ್ತಿಯನ್ನು ಎತ್ತಿಕೊಂಡು ಬಂದರು, ಗುಡಿ ಅಲ್ಲೇ ಉಳಿಯಿತು. ಇಲ್ಲಿ ತಿರುಗುಮುರುಗು. ಗುಡಿ ಬಂದಿದೆ, ದೇವಿ ಇಲ್ಲ.

ದೇವಿ ಇಲ್ಲ ಎಂಬುದು ನಮಗೆ ಒಳಗೆ ಹೋದ ಮೇಲೆ ತಿಳಿದದ್ದು. ಗರ್ಭಗುಡಿಯಲ್ಲಿ ಇದ್ದದ್ದು ಒಂದು ಕಲ್ಲಿನ ಪೀಠ, ಅಷ್ಟೇ. ಅದರ ಮೇಲೆ ಏನೂ ಇಲ್ಲ.

ತೇಜು ಚಪ್ಪಲಿ ಬಿಟ್ಟು ಒಳಗೆ ಹೋದ. ತಲೆಗೆ ನೀರು ಹಚ್ಚಿ ಬಾಚಿಕೊಂಡು ಬಂದಿದ್ದ. ಪೀಠದ ಎದುರು ನಿಂತು ಕೈ ಮುಗಿದು, ಕ್ಲಾಸಿನಲ್ಲಿ ಪಾಠ ಒಪ್ಪಿಸುವ ಹಾಗೆ ಹೇಳಿದ:

"ಅಮ್ಮನ ಹೆಸರು ವಿನೋದಾ. ತವರು ತೀರ್ಥಹಳ್ಳಿ. ಮನೆ ಸಾಗರ. ನಾವು ಎಲ್ಲಾ ಬಾಗಿಲು ದಾಟಿದ್ವಿ. ಈಗ ಕಳಿಸಿಕೊಡಿ."

ಹಿಂದೆ ಫೋನು ಹಿಡಿದು ನಿಂತಿದ್ದ ಪ್ರವಾಸಿಗರು ಮಗುವಿನ ಪ್ರಾರ್ಥನೆ ಎಂದು ಸುಮ್ಮನೆ ಕಾದರು. ತೇಜುವೂ ಕಾದ. ಹೊರಗೆ ದೋಣಿಯ ಮೋಟಾರಿನ ಸದ್ದು ಬಂದು ಹೋಯಿತು. ಅವನು ಅಕ್ಕನನ್ನು ನೋಡಿದ. "ಎಂತ ಹೇಳ್ತಿದಾಳೆ ಅಕ್ಕ? ನಂಗೆ ಕೇಳ್ತಿಲ್ಲ."

ಮಾನಸ ಅವನ ಪಕ್ಕ ಮಂಡಿಯೂರಿದಳು. "ತೇಜು, ದೇವಿ ಹೇಳ್ತಿದಾಳೆ..." ಎಂದು ಶುರುಮಾಡಿದಳು. ಮಾತು ಅಲ್ಲಿಗೇ ನಿಂತಿತು. ಖಾಲಿ ಪೀಠವನ್ನು ನೋಡಿದಳು, ನನ್ನನ್ನು ನೋಡಿದಳು.

"ಇಲ್ಲ ಕಣೋ. ಯಾರೂ ಎಂತದೂ ಹೇಳ್ತಿಲ್ಲ. ಅದು ಕಥೆ. ನಾನೇ ಮಾಡಿದ್ದು."

"ಸುಳ್ಳು."

"ಹೌದು. ಎಲ್ಲಾ ಸುಳ್ಳು."

ಅವನು ಅವಳ ಭುಜಕ್ಕೆ ಎರಡೂ ಕೈಯಲ್ಲಿ ಹೊಡೆದ. ನಾನು ಹಿಡಿಯುವುದರೊಳಗೆ ಜನರ ಕಾಲುಗಳ ನಡುವೆ ನುಸುಳಿ ಓಡಿಬಿಟ್ಟ.

ದ್ವೀಪ ಸಣ್ಣದು. ಆದರೆ ಸುತ್ತ ನೀರು. ಆ ಹೊತ್ತು ನನಗೆ ಗುಡಿ ಕಾಣಲಿಲ್ಲ, ನೀರೊಂದೇ ಕಂಡದ್ದು. ಮೆಟ್ಟಿಲ ಕಡೆ ಓಡಿದೆ, ಅಲ್ಲಿಲ್ಲ. ದೋಣಿಯವರನ್ನು ಕನ್ನಡದಲ್ಲೇ ಕೇಳಿದೆ, ನನ್ನ ಹುಡುಗ, ಇಷ್ಟೆತ್ತರ, ಬರಿಗಾಲು. ಅವರಿಗೆ ಅರ್ಥವಾಯಿತು. ಒಬ್ಬರು ದಡದ ಎಡಕ್ಕೆ, ಒಬ್ಬರು ಬಲಕ್ಕೆ ಕೂಗುತ್ತ ಓಡಿದರು. ಇನ್ನೊಂದು ಕಡೆಯಿಂದ ಮಾನಸ "ತೇಜೂ" ಎಂದು ಕೂಗುವುದು ಕೇಳುತ್ತಿತ್ತು. ನಾನು ಅವನನ್ನೂ ಕಳೆದುಕೊಂಡೆ ಎಂದೇ ಒಂದು ಕ್ಷಣ ನಂಬಿದೆ. ಆ ಕ್ಷಣದ ಬಗ್ಗೆ ಹೆಚ್ಚು ಬರೆಯಲಾರೆ.

ನೀಲಿ ನಿಲುವಂಗಿಯ ಒಬ್ಬ ಮುದುಕ, ಆ ಗುಡಿಯ ಕಾವಲಿನವನು, ನನ್ನ ತೋಳು ಹಿಡಿದು ನಿಲ್ಲಿಸಿದ. ತುಟಿಯ ಮೇಲೆ ಬೆರಳಿಟ್ಟು ಗೋಡೆಯ ಹಿಂದಕ್ಕೆ ಕರೆದುಕೊಂಡು ಹೋದ.

ನೆರಳಿನಲ್ಲಿ ತೇಜು ಗೋಡೆಗೆ ಮುಖಮಾಡಿ ಕೂತಿದ್ದ. ಆ ಗೋಡೆಯ ತುಂಬ ಸಾಲು ಸಾಲು ದೇವರುಗಳ ಉಬ್ಬು ಚಿತ್ರ. ಒಂದಕ್ಕೂ ಮುಖವಿಲ್ಲ. ಮುಖ, ಕೈ, ಎದೆ, ಎಲ್ಲವನ್ನೂ ಯಾರೋ ಉಳಿಯಿಂದ ಕೊಚ್ಚಿ ತೆಗೆದಿದ್ದಾರೆ. ಬದಿಯ ಗೆರೆ ಮಾತ್ರ ಉಳಿದಿದೆ. ತೇಜು ಆ ಗಾಯಗಳ ಮೇಲೆ ಬೆರಳು ಆಡಿಸುತ್ತಿದ್ದ. ಮುಟ್ಟಬಾರದು ಎಂಬ ನಿಯಮ. ಮುದುಕ ಬೇರೆ ಕಡೆ ನೋಡುತ್ತ ನಿಂತ.

ನಾನು ಹೋಗಿ ಪಕ್ಕದಲ್ಲಿ ಕೂತೆ.

"ಅಪ್ಪ, ಇವರನ್ನ ಯಾರೋ ಕೊಂದಿದಾರೆ."

"ಹೌದು. ಬೇರೆ ನಂಬಿಕೆಯ ಜನ ಬಂದ್ರು. ಇವರ ಕಾಲ ಮುಗೀತು."

"ಇವರಿಗೆ ಬಾಯೇ ಇಲ್ಲ. ಕಣ್ಣೂ ಇಲ್ಲ. ಅಮ್ಮ ಇವರ ಹತ್ರ ಇಲ್ಲ ಅಲ್ದಾ?"

"ಇಲ್ಲ ಮಗ."

"ಮತ್ತೆ ಎಲ್ಲಿದಾಳೆ?"

ಕಲ್ಲಿನ ಮೇಲೆ ಉಳಿಯ ಏಟುಗಳು ಎಡದಿಂದ ಬಲಕ್ಕೆ, ಒಂದರ ಪಕ್ಕ ಒಂದು ಬಿದ್ದಿದ್ದವು. ಅಳಿಸುವವನೂ ಕೂತು ಕೆಲಸ ಮಾಡಿದ್ದ. ನಾನು ಅವನ್ನೇ ನೋಡುತ್ತ ಹೇಳಿದೆ. ಅಮ್ಮನ ರಕ್ತದಲ್ಲಿ ಕಾಯಿಲೆ ಇತ್ತು. ಡಾಕ್ಟರು ತಮ್ಮಿಂದ ಆಗುವುದೆಲ್ಲ ಮಾಡಿದರು. ಆಗಲಿಲ್ಲ. ಕೊನೆಗೆ ಅವಳು ಉಸಿರಾಡುವುದು ನಿಂತಿತು. ನಾನು ಅವಳ ಕೈ ಹಿಡಿದುಕೊಂಡಿದ್ದೆ. ಕೈ ಮೆಲ್ಲಗೆ ತಣ್ಣಗಾಯಿತು. ನಿಮ್ಮನ್ನು ಅತ್ತೆಯ ಮನೆಗೆ ಕಳಿಸಿ ಸಾಗರದಲ್ಲಿ ಅವಳಿಗೆ ಬೆಂಕಿ ಕೊಟ್ಟೆವು. ಬೂದಿಯನ್ನು ತೀರ್ಥಹಳ್ಳಿಯಲ್ಲಿ ತುಂಗೆಗೆ ಬಿಟ್ಟೆ. ಅವಳನ್ನು ಯಾರೂ ಹಿಡಿದಿಟ್ಟಿಲ್ಲ. ಅವಳು ತಿರುಗಿ ಬರುವುದಿಲ್ಲ.

ಇಷ್ಟನ್ನು ನಾನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ನನ್ನ ಧ್ವನಿ ನನಗೇ ಬೇರೆಯವರದ್ದರಂತೆ ಕೇಳಿತು.

ತೇಜು ಅಳಲಿಲ್ಲ. "ಬೆಂಕಿ ಕೊಟ್ಟಾಗ ಅವಳಿಗೆ ನೋವಾಯ್ತಾ?" ಎಂದ.

"ಇಲ್ಲ. ಅಷ್ಟೊತ್ತಿಗೆ ನೋವೆಲ್ಲ ಮುಗಿದಿತ್ತು."

"ಬೂದಿ ಬಿಟ್ಟ ಜಾಗ ನಿಂಗೆ ನೆನಪಿದೆಯಾ?"

"ಇದೆ."

ಅಷ್ಟರಲ್ಲಿ ಮಾನಸ ಗೋಡೆಯ ಮೂಲೆಯಿಂದ ಬಂದಳು. ಒಂದು ಕೈಯಲ್ಲಿ ತಮ್ಮನ ಚಪ್ಪಲಿ ಹಿಡಿದಿದ್ದಳು. ಅವನನ್ನು ಕಂಡದ್ದೇ ಅಲ್ಲೇ ಕುಸಿದಳು. ಒಂದು ವರ್ಷದ ಅಳು ಒಟ್ಟಿಗೆ ಬಂತು. ಬಾಯಿ ತೆರೆದು, ಚಿಕ್ಕ ಮಕ್ಕಳ ಹಾಗೆ, ನಾಚಿಕೆಯಿಲ್ಲದೆ ಅತ್ತಳು. ತೇಜು ಹೆದರಿ ಅವಳನ್ನೇ ನೋಡಿದ. ಆಮೇಲೆ ನೆರಳಿನಲ್ಲಿ ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿಕೊಟ್ಟ.

ಕಾವಲಿನ ಮುದುಕ ಗಾಜಿನ ಲೋಟಗಳಲ್ಲಿ ಹಾಲಿಲ್ಲದ ಚಹಾ ತಂದ. ಸಕ್ಕರೆ ವಿಪರೀತ. ನಾವು ಕುಡಿಯುವವರೆಗೂ ಅವನು ನಮಗೂ ಪ್ರವಾಸಿಗರಿಗೂ ನಡುವೆ, ನಮಗೆ ಬೆನ್ನು ಹಾಕಿ ನಿಂತಿದ್ದ. ಆ ಕಡೆ ಯಾರನ್ನೂ ಬಿಡಲಿಲ್ಲ. ಅವನ ಹೆಸರು ಕೇಳಲು ನಾನು ಮರೆತೆ.

ತೀರ್ಥಹಳ್ಳಿ

ಊರಿಗೆ ಬಂದು ಉಳಿ, ಬಟ್ಟೆ ಬಿಚ್ಚಿಡುವ ಮೊದಲೇ ತೇಜು ತುಂಗೆಯ ಮಾತೆತ್ತಿದ. ಭಾನುವಾರ ಹೊರಟೆವು. ಹೊಸನಗರದಲ್ಲಿ ನನ್ನ ಅಕ್ಕ ಬಸ್ಸು ಹತ್ತಿದಳು. ವಿಷಯ ತಿಳಿದು ನನ್ನ ಮೇಲೆ ಸಿಟ್ಟಾದಳು.

"ಮಕ್ಳಿಗೆ ಇದೆಲ್ಲ ಎಂತಕೆ ತೋರಿಸ್ತಿಯ ಮಾರಾಯ? ಮರೀತಾ ಇದ್ವು."

"ಮರ್ತಿಲ್ಲ ಅತ್ತೆ" ಎಂದ ತೇಜು. "ನಾವೇ ಕೇಳಿದ್ದು."

ದಾರಿಯ ನಗರ ಎಂಬ ಊರಿನ ಕೋಟೆ ದಾಟಿದ ಮೇಲೆ ಅಕ್ಕ ತನ್ನ ಚೀಲದಿಂದ ಕಿತ್ತಳೆ ತೆಗೆದು ಸುಲಿದು ಇಬ್ಬರಿಗೂ ಕೊಟ್ಟಳು.

ಬೇಸಿಗೆಯ ತುಂಗೆ ಬಂಡೆಗಳ ನಡುವೆ ಹರಿಯುತ್ತಿದ್ದಳು. ಅಸ್ವಾನಿನಲ್ಲಿ ನೈಲ್ ಕೂಡ ಹೀಗೆಯೇ ಕರಿಬಂಡೆಗಳನ್ನು ಬಳಸಿಕೊಂಡು ಹೋಗುತ್ತದೆ. ಅಲ್ಲಿ ಹೋಟೆಲಿನ ಕಿಟಕಿಯಿಂದ ನೋಡಿದಾಗಲೇ ನನಗೆ ಹಾಗೆ ಅನಿಸಿತ್ತು, ಮಕ್ಕಳಿಗೆ ಹೇಳಿರಲಿಲ್ಲ. ನಾನು ಜಾಗ ತೋರಿಸಿದೆ. ಇಬ್ಬರೂ ಮೊಣಕಾಲುದ್ದ ನೀರಿಗೆ ಇಳಿದು ನಿಂತರು. ಮಂತ್ರವಿಲ್ಲ, ಹೂವಿಲ್ಲ. ಸಣ್ಣ ಮೀನುಗಳು ಕಾಲಿಗೆ ಮುತ್ತುತ್ತಿದ್ದವು. ದಡದಲ್ಲಿ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ತೇಜು ಕೇಳಿದ, "ಅಮ್ಮಂಗೆ ಈಜು ಬರ್ತಿತ್ತಾ?"

ಮಾನಸಳೂ ತಿರುಗಿ ನೋಡಿದಳು. ಅವಳಿಗೂ ಗೊತ್ತಿರಲಿಲ್ಲ.

"ಬರ್ತಿತ್ತು" ಎಂದೆ. "ಅಗೋ, ಆ ಬಂಡೆವರೆಗೂ ಈಜ್ತಿದ್ಲಂತೆ. ಮನೇಲಿ ಹೇಳದೆ ಬರ್ತಿದ್ಲು. ಒಂದ್ಸಲ ಸೆಳವಿಗೆ ಸಿಕ್ಕಿ ಎಲ್ಲೋ ಕೆಳಗೆ ಹೋಗಿ ದಡ ಹತ್ತಿದ್ಲು. ಒದ್ದೆ ಬಟ್ಟೆಯಲ್ಲೇ ಪೇಟೆಯ ನಡುವೆ ಮನೆಗೆ ನಡ್ಕೊಂಡು ಹೋದ್ಲಂತೆ."

"ಆಮೇಲೆ?" ಎಂದ ತೇಜು.

"ಆಮೇಲೆ ಅಜ್ಜಿ ಕೈಯಲ್ಲಿ ಸರಿಯಾಗಿ ಹೊಡೆತ ತಿಂದ್ಲು."

ಮಾನಸಳ ತುಟಿ ಸ್ವಲ್ಪ ಸಡಿಲಾಯಿತು. "ಆಮೇಲೆ?" ಎಂದಳು ಅವಳು.

ನಾನು ಪ್ಯಾಂಟು ಮಡಚಿಕೊಂಡು ನೀರಿಗೆ ಇಳಿದು ಅವರ ನಡುವೆ ನಿಂತೆ. ಗೊತ್ತಿದ್ದಷ್ಟನ್ನು ಹೇಳಿದೆ. ಗೊತ್ತಿಲ್ಲದ ಕಡೆ, ಗೊತ್ತಿಲ್ಲ ಎಂದೆ.